ಮೊದಲ ನಾಲ್ಕು ಬೈಟ್

...ಅಥವಾ ಆ ಮಣ್ಣಿನ ಲೋಟ ಅಷ್ಟು ಹೊತ್ತಿಗೆ ಖಾಲಿಯಾಗಿತ್ತೇನೋ. ಕೀಬೋರ್ಡಿನ ಬಲಗಡೆ ಲೋಟ ಇತ್ತು, ಅದರ ಅಂಚು ಒಂದು ಕಡೆ ಮುಕ್ಕಾಗಿತ್ತು, ಅಷ್ಟು ಖಂಡಿತ. ಖಂಡಿತ ಎಂದು ಬರೆದ ಕೂಡಲೇ ಅದೂ ಸಡಿಲವಾಗುತ್ತದೆ. ಎಲ್ಲ ಮಣ್ಣಿನ ಲೋಟಗಳ ಅಂಚೂ ಒಂದು ಕಡೆ ಮುಕ್ಕಾಗಿರುತ್ತದೆ.

ಲೋಟದ ವಿಷಯ ಯಾಕೆಂದರೆ, ಸಾಲ್ಟ್ ಲೇಕಿನ ನಮ್ಮ ಆಫೀಸಿಗೆ ಚಹಾ ದಿನಕ್ಕೆ ಎರಡು ಸಲ ಬರುತ್ತಿತ್ತು. ನಾಲ್ಕಕ್ಕೊಮ್ಮೆ, ಆರೂವರೆಗೊಮ್ಮೆ. ಆ ದಿನ ಕಡತಗಳನ್ನು ಸ್ವೀಕರಿಸುವ ಗಡುವು ಸಂಜೆ ಆರು. ನಾನು ನೆನಪಿಸಿಕೊಳ್ಳುತ್ತಿರುವುದು ನಾಲ್ಕರ ಚಹಾ ಆಗಿದ್ದರೆ ಒಬ್ಬ ಹೆಂಗಸಿಗೆ ಇನ್ನೂ ಎರಡು ಗಂಟೆ ಉಳಿದಿತ್ತು, ಅದು ನನಗೆ ಗೊತ್ತಿತ್ತು, ನಾನು ಏನೂ ಮಾಡಲಿಲ್ಲ. ಆರೂವರೆಯದಾಗಿದ್ದರೆ ನಾನು ಬರೀ ದಡ್ಡಿ. ಈ ಎರಡರ ನಡುವೆ ನನ್ನನ್ನು ಎಲ್ಲಿ ನಿಲ್ಲಿಸಬೇಕೆಂದು ಒಂದು ಮಣ್ಣಿನ ಲೋಟವನ್ನು ಕೇಳುವ ಸ್ಥಿತಿಗೆ ಬಂದಿದ್ದೇನೆ. ಸಿಟ್ಟು ಬರುತ್ತದೆ. ಲೋಟದ ಮೇಲೂ ಬರುತ್ತದೆ.

ಕೆಲಸ ಏನಿತ್ತು ಅಂತ ಮೊದಲು ಹೇಳಬೇಕು. ನಮ್ಮದು ಸಣ್ಣ ಕಂಪನಿ. ದುರ್ಗಾಪೂಜೆಯ ಪೆಂಡಾಲುಗಳಿಗೆ ಪ್ಲೈವುಡ್ ಹಲಗೆಗಳನ್ನು ಲೇಸರಿನಿಂದ ಕತ್ತರಿಸಿಕೊಡುವವರು. ಈ ಊರಿನಲ್ಲಿ ಪ್ರತಿ ಪಾಡಾಕ್ಕೂ, ಅಂದರೆ ಪ್ರತಿ ಕೇರಿಗೂ, ಒಂದು ಕ್ಲಬ್ಬು, ಪ್ರತಿ ಕ್ಲಬ್ಬಿಗೂ ವರ್ಷಕ್ಕೊಂದು ಥೀಮು. ಆ ವರ್ಷ ಊರಿನ ದಕ್ಷಿಣದ ಕಡೆಯ ಒಂದು ಕ್ಲಬ್ಬು ‘ಹೊಲಿಗೆ’ ಎಂಬ ಥೀಮು ಹಿಡಿದಿತ್ತು. ಯಾರು ಬೇಕಾದರೂ ಹೊಲಿಗೆಯ ವಿನ್ಯಾಸ ಬರೆದು ಕಳಿಸಬಹುದು, ಆಯ್ದವನ್ನು ಆಳೆತ್ತರದ ಹಲಗೆಗಳಲ್ಲಿ ಕತ್ತರಿಸಿ ಪೆಂಡಾಲಿನ ದಾರಿಯುದ್ದಕ್ಕೂ ನಿಲ್ಲಿಸುತ್ತಾರೆ. ಒಂದೇ ಷರತ್ತು, ಚಿತ್ರ ವೆಕ್ಟರ್ ಆಗಿರಬೇಕು. ಫೋಟೋ ಎಂದರೆ ಬಣ್ಣದ ಚುಕ್ಕಿಗಳ ರಾಶಿ. ಕತ್ತರಿಸುವ ಯಂತ್ರಕ್ಕೆ ಚುಕ್ಕಿ ಅರ್ಥವಾಗುವುದಿಲ್ಲ, ಅದಕ್ಕೆ ಗೆರೆ ಬೇಕು: ಇಲ್ಲಿಂದ ಹೊರಡು, ಅಲ್ಲಿಗೆ ಹೋಗು. ವೆಕ್ಟರ್ ಕಡತದಲ್ಲಿ ಇರುವುದು ಅಷ್ಟೇ, ಹೊರಡುವ ಮತ್ತು ಹೋಗುವ ಅಂಕಿಗಳು.

ಬಂದ ಕಡತ ನಿಜವಾಗಿಯೂ ವೆಕ್ಟರೋ ಅಲ್ಲವೋ ಎಂದು ನೋಡಿ ಒಳಗೆ ಬಿಡುವ, ಇಲ್ಲವೇ ತಳ್ಳುವ ಪ್ರೋಗ್ರಾಮು ಬರೆಯುವುದು ನನ್ನ ಕೆಲಸ. ಹೆಸರಿನ ಕೊನೆಯ ಬಾಲ ನಂಬುವಂತಿಲ್ಲ. ಅದನ್ನು ಯಾರು ಬೇಕಾದರೂ ಬದಲಿಸಬಹುದು. ಆದ್ದರಿಂದ ಕಡತದ ಸಹಿ ನೋಡುತ್ತಾರೆ. ಹೆಚ್ಚಿನ ಕಡತಗಳು ಮೊದಲ ಕೆಲವೇ ಬೈಟುಗಳಲ್ಲಿ, ಅಂದರೆ ನಾಲ್ಕಾರು ಇಂಗ್ಲಿಷ್ ಅಕ್ಷರಗಳಷ್ಟು ಜಾಗದಲ್ಲಿ, ತಾವು ಯಾರೆಂದು ಹೇಳಿಕೊಳ್ಳುತ್ತವೆ. ಪಿಡಿಎಫ್ ಒಂದು ಶೇಕಡಾ ಚಿಹ್ನೆ ಹಾಕಿ ತನ್ನ ಹೆಸರು ಹೇಳುತ್ತದೆ. ಅಚ್ಚಿನವರ ಇಪಿಎಸ್ ಶೇಕಡಾ ಚಿಹ್ನೆಯ ಪಕ್ಕ ಒಂದು ಆಶ್ಚರ್ಯಸೂಚಕ ಇಟ್ಟುಕೊಂಡು ಬರುತ್ತದೆ. ಎಸ್‌ವಿಜಿ ಎಂಬ ಬಗೆಗೆ ಮಾತ್ರ ಅಂಥ ಸಹಿಯೇ ಇಲ್ಲ. ಅದು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ಕೈಯಲ್ಲೇ ಬರೆಯಬಹುದು. ಸಾಮಾನ್ಯವಾಗಿ ಅದು ಎರಡೇ ಥರ ಶುರುವಾಗುತ್ತದೆ. ಸಾಮಾನ್ಯವಾಗಿ. ಈ ಪದದ ಮೇಲೆ ಉಗುಳಬೇಕು ಅನಿಸುತ್ತದೆ ಈಗ.

ಸರಿಯಾದ ಪರೀಕ್ಷೆ ಬರೆಯಲು ಎರಡು ದಿನ ಕೊಡಿ ಎಂದು ಮೇಲಿನವನನ್ನು ಕೇಳಿದೆ. ಎಲ್ಲರೂ ಅವನನ್ನು ದಾದಾ, ಅಂದರೆ ಅಣ್ಣ, ಅನ್ನುತ್ತಿದ್ದರು, ನಾನೂ ಅಂದೆ.

“ಅರೇ, ಪ್ರಥಮ್ ಚಾರ್‌ಟೇ ಬೈಟ್ ದೇಖ್‌ಲೇಯಿ ತೊ ಹೋಬೆ,” ಅಂದ ಬಂಗಾಳಿಯಲ್ಲಿ. ಮೊದಲ ನಾಲ್ಕು ಬೈಟ್ ನೋಡಿದರೆ ಸಾಕಲ್ಲ. “ಯು ಸೌತ್ ಇಂಡಿಯನ್ಸ್, ಎವ್ರಿಥಿಂಗ್ ಪಿಎಚ್‌ಡಿ! ಇದೇನು ಪಾಸ್‌ಪೋರ್ಟ್ ಆಫೀಸಾ?”

ನಾನು ನಕ್ಕೆ. ಎರಡು ದಿನ ಕೇಳಿದ್ದು ನನಗೆ ಸ್ಪಷ್ಟ ನೆನಪಿದೆ. ಆಮೇಲೆ ಒಮ್ಮೆ ಅವನ ಹತ್ತಿರ ಆ ಮಾತು ತೆಗೆದಾಗ, “ನೀನು ಕೇಳಲೇ ಇಲ್ಲ, ನಿಂದೇ ಐಡಿಯಾ ಅದು,” ಅಂದ. ಅವನು ಸುಳ್ಳ. ಆದರೆ ನನ್ನ ನೆನಪಿನಲ್ಲಿ ಈ ಸಂಭಾಷಣೆ ಬಹಳ ಅಚ್ಚುಕಟ್ಟಾಗಿದೆ, ನಗುವಿನ ಜಾಗವೂ ಸಹಿತ, ಮತ್ತು ಅಚ್ಚುಕಟ್ಟಾಗಿ ಬರುವ ನೆನಪುಗಳು ನನ್ನ ಪರವಾಗಿಯೇ ಇರುತ್ತವೆ ಎಂಬುದನ್ನು ಗಮನಿಸಿದ್ದೇನೆ.

ಏನೇ ಇರಲಿ, ನಾಲ್ಕು ಬೈಟ್ ನೋಡುವ ಪ್ರೋಗ್ರಾಮು ಬರೆದದ್ದು ನಾನೇ. ತಳ್ಳಿದಾಗ ಪರದೆಯ ಮೇಲೆ ಮೂಡುವ ಇಂಗ್ಲಿಷ್ ವಾಕ್ಯ ಬರೆದದ್ದೂ ನಾನೇ: ಇದು ಚಿತ್ರವಲ್ಲ, ದಯವಿಟ್ಟು ಚಿತ್ರ ಕಳಿಸಿ. ‘ದಯವಿಟ್ಟು’ ಸೇರಿಸಿದ್ದಕ್ಕೆ ಆ ದಿನ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

ನಾನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರನ್ನು ನೋಡುತ್ತಿದ್ದದ್ದು ಲೇಕ್ ಮಾರ್ಕೆಟ್ಟಿನಲ್ಲಿ. ಕಾಫಿಪುಡಿಗೆ, ಕರಿಬೇವಿಗೆ, ಬ್ಯಾಡಗಿ ಮೆಣಸಿನಕಾಯಿಗೆ ನಮ್ಮ ಕಡೆಯವರೆಲ್ಲ ಅಲ್ಲಿಗೇ ಬರಬೇಕು. ಧಾರವಾಡದ ಕಡೆಯವರು, ಗಂಡ ರೈಲ್ವೆಯಲ್ಲಿ. ಬಂದು ಇಪ್ಪತ್ತಾರು ವರ್ಷ. ನನ್ನದು ಮೈಸೂರು ಕನ್ನಡ, ಅವರಿಗೆ ಅದು ತಮಾಷೆ. ಅವರ ಮಗಳು ಮೌಶಿಯ ಕನ್ನಡವನ್ನು ಪೂರ್ತಿ ತಿಳಿದುಕೊಂಡು ಉತ್ತರವನ್ನು ಮೂರು ಭಾಷೆಯಲ್ಲಿ ಹಂಚಿ ಕೊಡುತ್ತಿದ್ದಳು.

“ಏನ ತಂಗಿ, ಇಷ್ಟ ಕರಿಬೇವು? ಒಗ್ಗರಣಿಗೆ ಹಾಕ್ತೀಯೋ ಬರೇ ತೋರಿಸ್ತೀಯೋ?” ಎಂದು ಆ ದಿನ ಶುರುಮಾಡಿದರು. ಮಗಳು ಪಕ್ಕದಲ್ಲಿದ್ದಳು.

“ಅಮ್ಮ ಈಸ್ ವೆರಿ ಬಿಸಿ ನೌಡೇಸ್,” ಅಂದಳು ಅವಳು. “ಕೋಡಿಂಗ್ ಮಾಡ್ತಾಳೆ. ಸತ್ಯಿ!”

“ಸುಮ್ನಿರು. ಕೋಡಿಂಗ್ ಅಲ್ಲ ಏನಲ್ಲ. ಕಸೂತಿ ಮಾಡ್ಲಿಕ್ಕತ್ತೀನಿ, ಕಂಪ್ಯೂಟರಿನ್ಯಾಗ.”

ಅವರು ಕಸೂತಿ ಹಾಕುತ್ತಿದ್ದದ್ದು ನನಗೆ ಗೊತ್ತಿತ್ತು. ಬಟ್ಟೆಯ ಮೇಲೆ ಪೆನ್ಸಿಲ್ ಗೀಟು ಎಳೆಯದೆ, ಬರೀ ನೂಲು ಎಣಿಸಿ, ಗಂಟು ಹಾಕದೆ ಹೆಣೆಯುವ ಹೊಲಿಗೆ ಅದು. ಗವಂತಿ ಎಂಬ ಹೊಲಿಗೆ ಸೂಜಿ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುವಂಥದ್ದು, ಮುಂದೂ ಹಿಂದೂ ಒಂದೇ ರೀತಿ ಕಾಣುತ್ತದೆ. ಎಸ್‌ವಿಜಿಯಲ್ಲಿ ಗೆರೆ ಎಳೆಯುವುದೂ ಹಾಗೇ ಎಂದು ಮಗಳು ಒಂದು ದಿನ ತೋರಿಸಿದ್ದಳಂತೆ. ನಾಲ್ಕು ಬಲಕ್ಕೆ, ನಾಲ್ಕು ಕೆಳಕ್ಕೆ, ನಾಲ್ಕು ಓರೆ. ಮೌಶಿಗೆ ಯಾವ ಚಿತ್ರದ ಸಾಫ್ಟ್‌ವೇರೂ ಬೇಕಾಗಲಿಲ್ಲ. ನೋಟ್‌ಪ್ಯಾಡಿನಲ್ಲಿ ಅಂಕಿ ಬರೆದರು.

“ನಮ್ಮ ಪಾಡಾದಾಗ ಪೂಜಾದ ಥೀಮು ಹೊಲಿಗಿ ಇಟ್ಟಾರ ಈ ವರ್ಷ. ಕಳಿಸಬೇಕಂತ ಮಾಡೀನಿ. ಏನು ಅಂತ ಕೇಳು.”

“ಆನೆ? ಗೋಪುರ?”

“ಅವು ಎಲ್ಲಾರೂ ಹಾಕ್ತಾರ. ನಾ ನಮ್ಮ ಬಿಲ್ಡಿಂಗಿನ ಕೊಲ್ಯಾಪ್ಸಿಬಲ್ ಗೇಟ್ ಹಾಕೀನಿ. ಅರ್ಧಾ ತೆಗೆದದ್ದು. ದಿನಾ ಅದರ ಮುಂದ ನಿಂತು ನೋಡ್ತೀನಲ್ಲ, ಪೂರಾ ಗವಂತಿ ಅದ ಅದು. ಒಳಗ ಒಂದು ತುಳಸಿಕಟ್ಟಿ.”

ಆಮೇಲೆ ದನಿ ತಗ್ಗಿಸಿ ಅಂದದ್ದು: “ಇಪ್ಪತ್ತಾರು ವರ್ಷ ಆತು, ಎಲ್ಲಾರೂ ಮದ್ರಾಸಿ ಬೌದಿ ಅಂತಾರ ನನಗ. ಪ್ರೀತೀಲೇನ ಅಂತಾರ, ಇಲ್ಲ ಅನ್ನಂಗಿಲ್ಲ. ಖಿಚುಡಿ ತಿಂದು ಬರೋದು, ಚಂದಾ ಕೊಡೋದು. ಒಂದ ಸಲ ಆದ್ರೂ ನಂದು ಅಂತ ಒಂದು ಅಲ್ಲಿ ನಿಂತಿರಬೇಕು ನೋಡು.”

ಇದನ್ನೇ ಅಂದರೋ, ಇದಕ್ಕಿಂತ ಕಡಿಮೆ ಅಂದರೋ. ಬಿಲ್ಡಿಂಗಿನ ಗೇಟು, ಮದ್ರಾಸಿ ಬೌದಿ, ಅಂದರೆ ಮದ್ರಾಸಿ ಅತ್ತಿಗೆ, ಇವೆರಡು ಅವರವು. ಉಳಿದದ್ದನ್ನು ನಾನು ಜೋಡಿಸಿರಬಹುದು. ಆದರೆ ಅವರಿಗೆ ಅದು ಬೇಕಾಗಿತ್ತು ಎಂಬುದನ್ನು ನಾನು ಜೋಡಿಸಿದ್ದಲ್ಲ. ಹೇಳುವಾಗ ಅವರು ಕರಿಬೇವಿನ ಕಡ್ಡಿಯಿಂದ ಎಲೆ ಕೀಳುತ್ತಿದ್ದರು, ಕಿತ್ತ ಎಲೆ ಅಂಗಡಿಯವನದು ಎಂಬ ಎಚ್ಚರವೇ ಇರಲಿಲ್ಲ.

ಆ ಕಡತಗಳನ್ನು ಸೋಸುವವಳು ನಾನೇ ಎಂದು ಹೇಳಲಿಲ್ಲ. ಯಾರು ಕಳಿಸಿದರೆಂದು ಆಯ್ಕೆಯವರಿಗೆ ಗೊತ್ತಾಗಬಾರದು ಎಂಬ ನಿಯಮವಿತ್ತು. ನಿಯಮ ಹಿಡಿದುಕೊಂಡು ಸುಮ್ಮನಿದ್ದೆ, ಮತ್ತು ಸುಮ್ಮನಿದ್ದದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ.

ಗಡುವಿನ ದಿನ ಏನಾಯಿತೆಂಬುದರಲ್ಲಿ ಒಂದು ಭಾಗ ನನ್ನ ನೆನಪಿನದಲ್ಲ, ಲಾಗಿನದು, ಅಂದರೆ ಕಂಪ್ಯೂಟರಿನ ದಿನಚರಿಯದು. ಯಂತ್ರ ತಳ್ಳಿದ ಪ್ರತಿ ಕಡತದ ಹೊತ್ತನ್ನೂ ಮೊದಲ ಹದಿನಾರು ಬೈಟನ್ನೂ ಅದು ಬರೆದಿಟ್ಟಿತ್ತು. ಒಂದೇ ಕಡೆಯಿಂದ ಮೂರು ಸಲ. ಮಧ್ಯಾಹ್ನ ಹನ್ನೆರಡು ದಾಟಿ ಒಮ್ಮೆ, ಎರಡಕ್ಕೆ ಮುಂಚೆ ಒಮ್ಮೆ, ಮೂರೂಮುಕ್ಕಾಲಿಗೆ ಒಮ್ಮೆ. ಮೂರೂ ಸಲ ಹದಿನಾರು ಬೈಟ್ ಅವವೇ. ಅಂಕಿಯ ರೂಪದಲ್ಲಿ ಇದ್ದರೂ ಇ-ಸೊನ್ನೆ, ಬಿ-ಎರಡು ಎಂಬ ಜೋಡಿ ನನಗೆ ಪರಿಚಯ. ಕನ್ನಡದ ಅಕ್ಷರಗಳು ಕಂಪ್ಯೂಟರಿನೊಳಗೆ ಹಾಗೆ ಶುರುವಾಗುತ್ತವೆ. ಈ ಊರಿನಲ್ಲಿ ಕನ್ನಡದಿಂದ ಶುರುವಾಗುವ ಎಸ್‌ವಿಜಿ ಯಾರು ಬರೆಯುತ್ತಾರೆ?

ತೆರೆದು ನೋಡಿದೆ. ಮೊದಲ ಸಾಲು:

<!-- ಶ್ರೀ -->

ಎರಡನೆಯ ಸಾಲಿನಿಂದ ಎಸ್‌ವಿಜಿ.

ಪತ್ರವಿರಲಿ, ಸಾಮಾನಿನ ಚೀಟಿಯಿರಲಿ, ನೋಟುಬುಕ್ಕಿನ ಹೊಸ ಹಾಳೆಯಿರಲಿ, ನೆತ್ತಿಯ ಮೇಲೆ ‘ಶ್ರೀ’ ಬರೆಯದೆ ಪೆನ್ನು ಕೆಳಗಿಳಿಸದವರ ಪೈಕಿ ನನ್ನ ಅಜ್ಜಿಯೂ ಇದ್ದಳು. ಮೌಶಿ ಬರೆದದ್ದು ಹೊಸ ಹಾಳೆ. ಅದೂ ನಿಯಮ ಮೀರಿ ಬರೆದದ್ದಲ್ಲ. ಆ ಚಿಹ್ನೆಗಳ ನಡುವೆ ಏನು ಬರೆದರೂ ಯಂತ್ರ ಅದನ್ನು ಓದದೆ ದಾಟುತ್ತದೆ ಎಂಬುದು ಎಸ್‌ವಿಜಿಯ ವ್ಯಾಕರಣದಲ್ಲೇ ಇದೆ. ಮಗಳು ಹೇಳಿಕೊಟ್ಟದ್ದೂ ಅದನ್ನೇ, ಆಮೇಲೆ ನನಗೆ ತಿಳಿಯಿತು: “ಇಟ್ಸ್ ಎ ಕಾಮೆಂಟ್, ಅಮ್ಮಾ. ಜಾ ಇಚ್ಛೆ ಲೇಖೋ. ಮೆಷೀನ್ ಕೇರ್ ಮಾಡಲ್ಲ.” ಏನು ಬೇಕಾದರೂ ಬರೆ, ಯಂತ್ರ ಲೆಕ್ಕಿಸುವುದಿಲ್ಲ. ಕಡತ ಸರಿಯಾಗಿತ್ತು. ಪೂರ್ತಿ ಸರಿಯಾಗಿತ್ತು. ಬ್ರೌಸರಿನಲ್ಲಿ ತೆರೆದರೆ ಅರ್ಧ ತೆರೆದ ಗೇಟು, ಕತ್ತರಿ ಕತ್ತರಿಯಾಗಿ ಹಾಯುವ ಪಟ್ಟಿಗಳು, ಒಳಗೆ ತುಳಸಿಕಟ್ಟೆ, ಒಂದು ಗೆರೆಯೂ ಎಣಿಕೆ ತಪ್ಪಿಲ್ಲ. ಆದರೆ ನನ್ನ ನಾಲ್ಕು ಬೈಟಿಗೆ ಬೇಕಾಗಿದ್ದದ್ದು ನೆತ್ತಿಯ ಮೇಲೇ ಎಸ್‌ವಿಜಿ.

ಇದಕ್ಕಿಂತ ಹೆಚ್ಚು ಸಿಟ್ಟು ಬರುವುದು ಮೂರು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ. ‘ಇದು ಚಿತ್ರವಲ್ಲ’ ಎಂದು ಓದಿದ ಆ ಹೆಂಗಸು ತಪ್ಪು ಚಿತ್ರದಲ್ಲಿದೆ ಎಂದುಕೊಂಡಿದ್ದರು. ಎರಡನೆಯ ಸಲ ಓರೆ ಗೆರೆಗಳನ್ನೆಲ್ಲ ಬಿಚ್ಚಿ ಮತ್ತೆ ಎಣಿಸಿ ಬರೆದಿದ್ದರು. ಮೂರನೆಯ ಸಲ ಗೇಟನ್ನು ಕಿರಿದು ಮಾಡಿದ್ದರು, ತುಳಸಿಕಟ್ಟೆಯ ಮೆಟ್ಟಿಲು ತೆಗೆದುಹಾಕಿದ್ದರು. ಕೆಡದಿದ್ದ ಚಿತ್ರವನ್ನು ನನ್ನ ಮಾತು ಕೇಳಿ ಕೈಯಾರೆ ಕೆಡಿಸುತ್ತ ಬಂದಿದ್ದರು. ಶ್ರೀಯನ್ನು ಮಾತ್ರ ಮುಟ್ಟಿರಲಿಲ್ಲ. ಮೂರನೆಯದರಲ್ಲಿ ಅದರ ಪಕ್ಕ ಇನ್ನೊಂದು ಪದ ಸೇರಿತ್ತು: ನಿರ್ವಿಘ್ನಮಸ್ತು.

ಅದನ್ನು ನೋಡಿ ನಾನು ನಕ್ಕೆ. ಲೋಟದ ಚಹಾ ತುಳುಕಿತು ಎಂದು ಬರೆಯಬೇಕು ಅನಿಸುತ್ತಿದೆ. ತುಳುಕಿದ್ದರೆ ಲೋಟ ತುಂಬಿತ್ತು, ತುಂಬಿದ್ದರೆ ಆಗಷ್ಟೇ ಬಂದಿತ್ತು. ಆದರೆ ಬಂದದ್ದು ನಾಲ್ಕಕ್ಕೋ ಆರೂವರೆಗೋ? ಮೂರನೆಯ ಕಡತ ಮೂರೂಮುಕ್ಕಾಲಿಗೇ ಬಂದಿತ್ತು. ಎರಡೂ ಚಹಾಕ್ಕೆ ಹೊಂದುತ್ತದೆ.

ಬೆಳಕು ಹೇಗಿತ್ತು? ಮಳೆಗಾಲ, ಕಿಟಕಿಯ ಪರದೆ ಇಳಿಬಿಟ್ಟಿತ್ತು, ಟ್ಯೂಬ್‌ಲೈಟು ಬೆಳಗಿನಿಂದ ಉರಿಯುತ್ತಿತ್ತು. ಪಕ್ಕದಲ್ಲಿ ಯಾರು ಕೂತಿದ್ದರು? ಕುರ್ಚಿ ನೆನಪಿದೆ, ಕೂತವರಿಲ್ಲ. ಗೆಳತಿಯರಿಗೆ ಈ ಕಥೆ ಹೇಳುವಾಗೆಲ್ಲ ನಾನು ಕಡತವನ್ನು ಮರುದಿನ ತೆರೆದೆ ಎನ್ನುತ್ತಿದ್ದೆ. ಅದು ಸುಳ್ಳು. ಅದೇ ದಿನ. ಅಷ್ಟು ಗೊತ್ತಿದೆ, ಯಾಕೆಂದರೆ ಮನೆಗೆ ಹೋಗುವಾಗ ಆಟೋದಲ್ಲಿ ಆ ಸಂಸ್ಕೃತ ಪದ ನೆನೆದು ಇನ್ನೊಮ್ಮೆ ನಗು ಬಂದಿತ್ತು.

ಕಡತವನ್ನು ಕೊನೆಯ ಸಲ ಯಾವಾಗ ತೆರೆಯಲಾಯಿತು ಎಂಬುದನ್ನು ಕಂಪ್ಯೂಟರು ಬರೆದಿಡುತ್ತದೆ. ಕೊನೆಯ ಸಲ ಮಾತ್ರ. ಮೊದಲ ಸಲ ಯಾವಾಗ ತೆರೆದೆ ಎಂದು ಖಚಿತ ಮಾಡಿಕೊಳ್ಳಲು ಪೂಜೆಯ ರಜೆಯಲ್ಲಿ ಅದನ್ನು ತೆರೆದು ನೋಡಿದೆ. ತೆರೆದ ಕ್ಷಣ ಹಳೆಯ ಹೊತ್ತು ಅಳಿಸಿ ಹೊಸದು ಕೂತಿತು. ನನ್ನ ಕಸುಬೇ ಕಡತ ಪರೀಕ್ಷಿಸುವುದು, ಮತ್ತು ನಾನು ಇದ್ದ ಒಂದೇ ಸಾಕ್ಷಿಯನ್ನು ಪರೀಕ್ಷಿಸಿ ಕೊಂದೆ.

ಟಿಪ್ಪಣಿಗಳನ್ನು ದಾಟಿ ಒಳಗಿನ ಮೊದಲ ನಿಜವಾದ ಪದ ಹುಡುಕು, ಅದು ಎಸ್‌ವಿಜಿ ಹೌದೇ ನೋಡು, ಒಳಗೆ ಗೆರೆ ಇವೆಯೇ ನೋಡು. ಇದನ್ನು ಆ ವಾರದ ಕೊನೆಯಲ್ಲಿ ಕೂತು ಬರೆದೆ. ಇಪ್ಪತ್ತು ನಿಮಿಷ ಹಿಡಿಯಿತು. ಎರಡು ದಿನ ಎಂದು ಯಾಕೆ ಕೇಳಿದ್ದೆನೋ.

ಆ ಹೊತ್ತಿಗೆ ಪಟ್ಟಿ ಕ್ಲಬ್ಬಿಗೆ ಹೋಗಿತ್ತು. ದಾದಾನಿಗೆ ಹೇಳಿದೆ. ಒಂದು ಸರಿಯಾದ ಕಡತವನ್ನು ತಳ್ಳಿದ್ದೇವೆ, ಸೇರಿಸೋಣ.

“ಯಾರದು?”

“ಗೊತ್ತಿಲ್ಲ,” ಅಂದೆ. ನಿಯಮ.

“ಹಾಗಾದರೆ ಯಾರಿಗೂ ನೋವಿಲ್ಲ. ಬಿಡು,” ಅಂದ.

ಬಿಟ್ಟೆ.

ನನ್ನ ನಾಲ್ಕು ಬೈಟು ಯಾರನ್ನು ಒಳಗೆ ಬಿಟ್ಟಿತ್ತು ಎಂಬುದು ಹಲಗೆ ಕತ್ತರಿಸುವ ದಿನ ಗೊತ್ತಾಯಿತು. ಯಂತ್ರದ ಮಿಸ್ತ್ರಿ ಫೋನು ಮಾಡಿದ: “ದಿದಿ, ಇದು ಬರೀ ಚೌಕ ಕತ್ತರಿಸುತ್ತಾ ಇದೆ.” ಯಾರೋ ಮೊಬೈಲಿನಲ್ಲಿ ತೆಗೆದ ಸೀರೆಯ ಫೋಟೋವನ್ನು ಎಸ್‌ವಿಜಿಯ ಹೊದಿಕೆಯೊಳಗೆ ತುರುಕಿ ಕಳಿಸಿದ್ದರು. ನೆತ್ತಿಯ ಮೇಲೆ ಸರಿಯಾದ ನಾಲ್ಕು ಬೈಟು, ಒಳಗೆ ಚುಕ್ಕಿಗಳ ರಾಶಿ, ಸುತ್ತ ಒಂದು ಚೌಕಟ್ಟು. ಪರದೆಯ ಮೇಲೆ ಚೆನ್ನಾಗಿ ಕಂಡಿದ್ದರಿಂದ ಕ್ಲಬ್ಬಿನವರು ಆಯ್ದಿದ್ದರು. ಯಂತ್ರಕ್ಕೆ ಕಂಡದ್ದು ಚೌಕಟ್ಟು ಮಾತ್ರ.

ಖಾಲಿ ಚೌಕ ಆಳೆತ್ತರಕ್ಕೆ ನಿಂತಿತು. ಕ್ಲಬ್ಬಿನ ಕಾರ್ಯದರ್ಶಿ ಅದರ ಮುಂದೆ ನಿಂತು ಮೆಚ್ಚಿಕೊಂಡು, “ಖೂಬ್ ಭಾಲೋ. ಮಿನಿಮಲ್,” ಅಂದರಂತೆ. ಸಪ್ತಮಿಯ ಮಧ್ಯಾಹ್ನ ನಾನು ಹೋದಾಗ ಜನ ಅದರೊಳಗೆ ಮುಖ ತೂರಿಸಿ ಸೆಲ್ಫಿ ತೆಗೆಯುತ್ತಿದ್ದರು. ಮೌಶಿಯೂ ಇದ್ದರು, ಇಳಕಲ್ ಸೀರೆಯಲ್ಲಿ, ಪಾಡಾದ ಹೆಂಗಸರ ಜೊತೆ. ಅವರಲ್ಲೊಬ್ಬಳು ಹಿಂದಿಯಲ್ಲಿ ಕೆಣಕಿದಳು:

“ಮದ್ರಾಸಿ ಬೌದಿ, ಇದರಲ್ಲಿ ನಿಮ್ಮದು ಯಾವುದು? ಅಷ್ಟು ದಿನ ಕಂಪ್ಯೂಟರ್ ಕಂಪ್ಯೂಟರ್ ಅಂತ ಮಹಡಿಯಿಂದ ಇಳಿಯಲೇ ಇಲ್ಲ!”

“ಅದು ಚಿತ್ರ ಅಲ್ಲವಂತೆ,” ಅಂದರು ಮೌಶಿ, ಅದೇ ಹಿಂದಿಯಲ್ಲಿ, ನಗುತ್ತಲೇ. “ಮೂರು ಸಲ ಹೇಳಿಕಳಿಸಿದರು. ಮೂರು ಸಲ ಹೇಳಿದ ಮೇಲೆ ನಂಬಬೇಕಲ್ಲ.”

ಎಲ್ಲರೂ ನಕ್ಕರು. ನನ್ನ ಕಡೆ ತಿರುಗಿ, “ಬಂದೇನ ತಂಗಿ? ನಡಿ, ಭೋಗ ಕೊಡ್ಲಿಕ್ಕತ್ತಾರ,” ಅಂದರು. ನಾನು ಹೋದೆ. ಪ್ರಸಾದದ ಸಾಲಿನಲ್ಲಿ ನಿಂತೆ. ಖಿಚುಡಿ ತಿಂದೆ.

ವಿಜಯದಶಮಿಯಾದ ಮೇಲೆ ಹಿರಿಯರ ಮನೆಗೆ ಹೋಗುವ ಪದ್ಧತಿ ಇಲ್ಲಿದೆ, ನಾವೂ ಅದನ್ನು ಹಿಡಿದುಕೊಂಡಿದ್ದೇವೆ. ಸಂದೇಶ್ ಎಂಬ ಮಿಠಾಯಿಯ ಡಬ್ಬ ತೆಗೆದುಕೊಂಡು ಮೌಶಿಯ ಮನೆಗೆ ಹೋದೆ. ಆ ಗೇಟನ್ನು ಆಗ ಮೊದಲ ಸಲ ನಿಜವಾಗಿ ನೋಡಿದೆ. ಅದು ಪೂರ್ತಿ ಮುಚ್ಚಿತ್ತು, ಎಳೆದರೆ ಅರ್ಧಕ್ಕೆ ಸಿಕ್ಕಿಕೊಂಡಿತು. ಅರ್ಧಕ್ಕಿಂತ ಹೆಚ್ಚು ಅದು ತೆರೆಯುವುದೇ ಇಲ್ಲವಂತೆ.

ಚಕ್ಕುಲಿ ಕೊಟ್ಟರು. ಮಗಳು ಎದುರಿಗೇ ಫೋನು ಹಿಡಿದು ಕೂತಿದ್ದಳು. ನಾನು ಎಲ್ಲ ಹೇಳಿದೆ. ಪ್ರೋಗ್ರಾಮು ನನ್ನದು, ಆ ವಾಕ್ಯ ನನ್ನದು, ನಿಮ್ಮ ಚಿತ್ರ ಸರಿಯಿತ್ತು, ಮೊದಲನೆಯದೇ ಸರಿಯಿತ್ತು, ಶ್ರೀ ಬರೆದಿದ್ದಕ್ಕೆ ತಳ್ಳಿತು.

ಮಗಳು ತಲೆಯೆತ್ತಿದಳು. “ಬಟ್ ಕಾಮೆಂಟ್ಸ್ ಆರ್ ಅಲೌಡ್! ಬೇಸಿಕ್ ಅದು! ನೀವು ಪ್ರೊಫೆಷನಲ್ ಅಲ್ವಾ?”

ಮೌಶಿ ಅವಳ ಮೊಣಕೈ ಮುಟ್ಟಿ ಸುಮ್ಮನಾಗಿಸಿದರು. ನನಗೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರ ಶ್ರೀ ತೆಗೆದಿದ್ರ ಹೋಗತಿತ್ತು?”

“ಹೋಗ್ತಿತ್ತು.”

“ನಾ ತೆಗೀತಿದ್ದೆ ನೋಡು. ಯಾರರೆ ಒಂದ ಮಾತು ಹೇಳಿದ್ರ ತೆಗೀತಿದ್ದೆ. ದೇವರೇನು ಸಿಟ್ಟಾಗತಿದ್ದಿಲ್ಲ.” ಚಕ್ಕುಲಿಯ ಒಂದು ಸುತ್ತು ಮುರಿದು ತಟ್ಟೆಯಲ್ಲೇ ಬಿಟ್ಟರು. “ನೀ ಯಾವಾಗ ನೋಡಿದಿ ತಂಗಿ ಅದನ್ನ? ಟೈಮ್ ಮುಗಿಯೂಕಿಂತ ಮದಲೋ, ಆಮ್ಯಾಲೋ?”

“ಗೊತ್ತಿಲ್ಲ ಮೌಶಿ.”

“ಗೊತ್ತಿಲ್ಲೋ, ಹೇಳಂಗಿಲ್ಲೋ?”

ಚಹಾ, ಲೋಟ, ಟ್ಯೂಬ್‌ಲೈಟು, ಅಳಿಸಿಹೋದ ಹೊತ್ತು, ಎಲ್ಲವನ್ನೂ ಹೇಳತೊಡಗಿದೆ. ಅವರು ಕೇಳಿಸಿಕೊಂಡರು. ಅವರ ಮುಖ ನೋಡುತ್ತ ನೋಡುತ್ತ, ಇಷ್ಟು ವಿವರ ಇಟ್ಟುಕೊಂಡವಳಿಗೆ ಆ ಒಂದು ವಿವರ ಮಾತ್ರ ಇಲ್ಲ ಎಂಬುದು ಎಷ್ಟು ಕಳ್ಳತನದ ಹಾಗೆ ಕಾಣುತ್ತದೆಂದು ನನಗೇ ಗೊತ್ತಾಯಿತು. ಮಾತು ನಿಲ್ಲಿಸಿದೆ. ಮೌಶಿ ಎದ್ದು ಒಳಗೆ ಹೋಗಿ ಇನ್ನೆರಡು ಚಕ್ಕುಲಿ ತಂದಿಟ್ಟರು. ಆ ವಿಷಯ ಮತ್ತೆ ತೆಗೆಯಲಿಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಈಗಲೂ ಸಿಗುತ್ತಾರೆ, ಮಾತಾಡಿಸುತ್ತಾರೆ, ನನ್ನ ಕರಿಬೇವಿನ ಬಗ್ಗೆ ಮಾತ್ರ ಏನೂ ಅನ್ನುವುದಿಲ್ಲ.

ಅದು ನಾಲ್ಕರ ಚಹಾವೋ ಆರೂವರೆಯದೋ ನನಗೆ ಗೊತ್ತಿಲ್ಲ. ನಾಲ್ಕರದೇ ಎಂದು ತಿಳಿದುಬಂದಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.